ಡಾಕ್ಟರಮ್ಮನ ಬಲಗಾಲು

ಆ ಬೀದಿಗೆ ಬೆಳಗಾಗುತ್ತಿದ್ದುದು ಒಂದು ಹಳೆಯ ಜೀಪಿನ ಪೆಡಲಿನಿಂದ. ಮೊದಲು ತಗಡಿನ ಮೇಲೆ ಯಾರೋ ಬೆರಳ ಗೆಣ್ಣಿನಿಂದ ಬಡಿದ ಹಾಗೆ ಟಪ್, ಟಪ್ ಎಂದು ಎರಡು ಸದ್ದು. ಹಿಂದೆಯೇ ಸ್ಟಾರ್ಟರಿನ ಉದ್ದನೆಯ ಗೊಣಗಾಟ. ಆಮೇಲೆ ಇಂಜಿನ್ನು ಕೆಮ್ಮಿ, ಕ್ಯಾಕರಿಸಿ, ಮೈಮುರಿದು ಎದ್ದ ಸದ್ದು. "ಡಾಕ್ಟರಮ್ಮ ಹೊರಟ್ರು" ಎನ್ನುತ್ತ ಎದುರುಮನೆಯಾಕೆ ಹಾಲಿನ ಪಾತ್ರೆಯನ್ನು ಒಲೆಗೇರಿಸುತ್ತಿದ್ದರು. ಮನೆಯ ಗಡಿಯಾರ ನಿಂತುಹೋದರೂ ಆ ಬೀದಿಯಲ್ಲಿ ಯಾರಿಗೂ ತಡವಾಗುತ್ತಿರಲಿಲ್ಲ.

ಡಾಕ್ಟರಮ್ಮ ಎಂದರೆ ದನದ ಡಾಕ್ಟರು. ಯಾರನ್ನೂ ಅವರು ನೇರವಾಗಿ ಎದುರುಗೊಂಡವರಲ್ಲ. ಹೆದರುವ ಹಸುವನ್ನು ಸಮೀಪಿಸುವ ಹಾಗೆ ಓರೆಯಾಗಿ, ಭುಜದ ಪಕ್ಕದಿಂದ, ಬರಿಗೈಯನ್ನು ಮೊದಲೇ ತೋರಿಸುತ್ತ ಬರುತ್ತಿದ್ದರು. ಬ್ಯಾಂಕಿನ ಮ್ಯಾನೇಜರು ಎರಡು ಸಲ ಬೆಚ್ಚಿಬಿದ್ದಿದ್ದರಂತೆ. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹೆಂಡತಿಯನ್ನು ಅವರು ಮೊದಲು ಕಂಡದ್ದು ಅಳತೆಯ ಪಟ್ಟಿಯ ಈಚೆಯಿಂದ. ಕೋಟು ಹೊಲಿಸಲು ಬಂದ ಆ ಎಳೆಯ ಹುಡುಗಿ, ಬಲಗೈ ತೋಳು ಮಾತ್ರ ಗುಂಡಿ ಬಿಚ್ಚಿದರೆ ಕಳಚಿ ಬರುವಂತಿರಬೇಕು ಎಂದಿದ್ದಳು.

"ಹಸುವಿನ ಹೊಟ್ಟೆಯೊಳಗೆ ಕೈ ಹಾಕ್ಬೇಕು ಮಾಸ್ತರೇ. ನಾನು ಕೋಟು ಬಿಚ್ಚಿ ಮಡಚೋವರೆಗೆ ಅದಕ್ಕೆ ಪುರುಸೊತ್ತಿರಲ್ಲ."

ದರ್ಜಿ ನಗುವಿನ ಭರದಲ್ಲಿ ಭುಜದ ಅಳತೆಯನ್ನು ತಪ್ಪಿ ಬರೆದುಕೊಂಡರು. ಕೋಟು ಸರಿಪಡಿಸುವ ನೆಪದಲ್ಲಿ ಮತ್ತೆ ಮತ್ತೆ ಕರೆಸಿದರು. ಕೊನೆಗೆ ಕೋಟಿನ ಜೊತೆ ದರ್ಜಿಯೂ ಆ ಮನೆಗೆ ಸೇರಿದರು ಎಂದು ಬೀದಿಯವರು ತಮಾಷೆ ಮಾಡುತ್ತಾರೆ. ಅಂದಿನಿಂದ ಆಕೆಯ ಬಲಭುಜ ವರ್ಷವರ್ಷಕ್ಕೂ ಒಂದು ನೂಲಿನಷ್ಟು ಕೆಳಗಿಳಿಯುತ್ತಿರುವುದನ್ನು ಬಲ್ಲವರು ದರ್ಜಿಯೊಬ್ಬರೇ. ಹೇಳಿದವರಲ್ಲ, ಪ್ರತಿ ಹೊಸ ಕೋಟಿನಲ್ಲೂ ಸದ್ದಿಲ್ಲದೆ ಹೊಂದಿಸುತ್ತ ಬಂದಿದ್ದಾರೆ.

ಡಾಕ್ಟರಮ್ಮನದು ಒಂದು ಹಟ: ಒಂದು ಕಾಯಿಲೆಗೆ ಒಂದು ಸಲಕ್ಕೆ ಒಂದೇ ಔಷಧ. ನೆಗಡಿಯಾದಾಗ ದರ್ಜಿ ಮಾತ್ರೆಯನ್ನೂ ನುಂಗಿ ಬಿಸಿನೀರಿನ ಹಬೆಯನ್ನೂ ತೆಗೆದುಕೊಂಡರೆ ಮನೆಯಲ್ಲಿ ಕಲಹ.

"ಯಾವುದರಿಂದ ವಾಸಿಯಾಯ್ತು ಅಂತ ಹೇಗ್ರೀ ಗೊತ್ತಾಗತ್ತೆ?"

"ವಾಸಿಯಾಯ್ತಲ್ಲ, ಸಾಲ್ದಾ?"

"ಸಾಲ್ದು."

ಗುಡ್ಡದ ಮೇಲಿನ ದನದಕೊಟ್ಟಿಗೆಗಳೆಲ್ಲ ಅವರ ಪಾಲಿನವು. ಕಲ್ಲುಹಾದಿ, ಕಡಿದಾದ ಏರು, ಮಾರಿಗೊಂದು ಬೇಲಿಯ ಗೇಟು. ಜೀಪಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಹಳೆಯ ಕಾರ್ಬ್ಯುರೇಟರಿನ ಬಟ್ಟಲು ಏರಿನಲ್ಲಿ ಓರೆಯಾಗಿ, ಇಂಜಿನ್ನಿಗೆ ಒಮ್ಮೆ ಅಜೀರ್ಣ, ಒಮ್ಮೆ ಉಪವಾಸ. ಅದಕ್ಕೇ ಅದನ್ನು ಕಿತ್ತು ಫ್ಯುಯೆಲ್ ಇಂಜೆಕ್ಷನ್ ಹಾಕಿಸಿದರು. ಇನ್ನು ಮೇಲೆ ಎಷ್ಟು ಪೆಟ್ರೋಲು ಬೇಕೆಂಬುದನ್ನು ಸೀಟಿನ ಕೆಳಗೆ ಕೂತ ಒಂದು ಸಣ್ಣ ಕಂಪ್ಯೂಟರ್ ಪೆಟ್ಟಿಗೆ ಲೆಕ್ಕ ಹಾಕಿ ಚಿಮ್ಮಿಸುತ್ತದೆ ಎಂದ ಮೆಕ್ಯಾನಿಕ್. ಅವನೊಬ್ಬ ಡೊಳ್ಳುಹೊಟ್ಟೆಯ ಆಳು. ಹೊರಗೇ ನಿಂತು ಕಿಟಕಿಯೊಳಗೆ ಕೈ ತೂರಿಸಿ ಕೀ ತಿರುಗಿಸಿದರೆ ಜೀಪು ತೊಟ್ಟಿಲಿನ ಮಗುವಿನಂತೆ ಉಸಿರಾಡಿತು.

ಮನೆಗೆ ಬಂದ ಮೇಲೆ ಶುರುವಾಯಿತು ಅದರ ರಾದ್ಧಾಂತ. ಬೆಳಿಗ್ಗೆ ಎಬ್ಬಿಸಿದರೆ ಏಳದು. ಎದ್ದರೆ ನಿಂತಲ್ಲಿ ಏದುಸಿರು, ಗುರ್ರೆಂದು ಏರಿ ಗೊಳಕ್ಕೆಂದು ಇಳಿದು, ಗೇಟು ತೆಗೆಯಲು ಡಾಕ್ಟರಮ್ಮ ಕೆಳಗಿಳಿದರೆ ಸಾಕು, ಪ್ರಾಣ ಬಿಡುವುದು. ಎಳೆದುಕೊಂಡು ಹೋಗಿ ಮೆಕ್ಯಾನಿಕ್ಕಿನ ಮುಂದೆ ನಿಲ್ಲಿಸಿದರೆ ಮತ್ತೆ ತೊಟ್ಟಿಲಿನ ಮಗು.

"ಡಾಕ್ಟ್ರೇ, ಗಾಡೀಲಿ ಏನೂ ಇಲ್ಲ. ಅದಕ್ಕೆ ನಿಮ್ಮ ಮೇಲೆ ಏನೋ ಮುನಿಸು."

"ಮುನಿಸ್ಕೊಂಡ ಹಸೂನ ನೋಡಿದೀನಪ್ಪ. ಹೀಗಿರಲ್ಲ."

ನಗುತ್ತಲೇ ಅಂದರು. ಆದರೆ ಅದೇ ವಾರ ಗುಡ್ಡದ ನೆತ್ತಿಯ ಮನೆಯಿಂದ ಹಸು ಈಯಲಾರದೆ ಒದ್ದಾಡುತ್ತಿದೆಯೆಂದು ಕರೆ ಬಂದಾಗ ಜೀಪು ನಡುಹಾದಿಯ ಗೇಟಿನಲ್ಲಿ ಸತ್ತಿತು. ಉಳಿದ ಏರನ್ನು ಅವರು ಚೀಲ ಹೊತ್ತು ನಡೆದರು. ತಲುಪುವ ಹೊತ್ತಿಗೆ ಕರು ಉಳಿದಿರಲಿಲ್ಲ. ಆ ದಿನ ಹೇಗೋ ಎಬ್ಬಿಸಿ ತಂದು ಮನೆಯ ಮುಂದೆ ನಿಲ್ಲಿಸಿದ ಜೀಪಿನಿಂದ ಡಾಕ್ಟರಮ್ಮ ಬಹಳ ಹೊತ್ತು ಇಳಿಯಲಿಲ್ಲ, ದರ್ಜಿ ಮುಂದಿನ ಕೋಣೆಯ ದೀಪವನ್ನಷ್ಟೆ ಹಾಕಿಟ್ಟರು. ಹಾಲಿನ ಸಂಘದ ಕಾರ್ಯದರ್ಶಿ ಮರುದಿನ ಬಂದು ಕುರ್ಚಿಯ ತುದಿಯಲ್ಲಿ ಕೂತರು. "ನೀವು ಬೇಜಾರು ಮಾಡ್ಕೋಬಾರದು. ಇನ್ನೊಂದು ಸಲ ಹೀಗಾದ್ರೆ ಗುಡ್ಡದ ಮನೆಗಳನ್ನ ಆ ಕಡೆಯ ಹೊಸ ಡಾಕ್ಟ್ರಿಗೆ ಕೊಡಬೇಕಾಗತ್ತೆ. ಅವರ ಹತ್ರ ಹೊಸ ಗಾಡಿ ಇದೆ."

"ಸರಿಯೇ" ಎಂದರು ಡಾಕ್ಟರಮ್ಮ. ಅದು ಸರಿಯೇ ಆಗಿತ್ತು ಎಂಬುದೇ ಕಷ್ಟ.

ಅಲ್ಲಿಂದ ಅವರು ಜೀಪನ್ನು ರೋಗಿಯ ಹಾಗೆ ಕಟ್ಟಿಹಾಕಿಕೊಂಡು ಕೂತರು. ಒಂದು ದಿನ ಪೆಟ್ರೋಲಿನ ಫಿಲ್ಟರ್ ಬದಲಾಯಿಸಿ ನೋಡುವುದು. ಇನ್ನೊಂದು ದಿನ ಪಂಪು. ಮತ್ತೊಂದು ದಿನ ಬ್ಯಾಟರಿಯಿಂದ ಬರುವ ತಂತಿಯ ತುದಿಗಳನ್ನು ಉಜ್ಜಿ ಹೊಳೆಯಿಸುವುದು. ಗಾಳಿ ಸೋರುವ ಕೊಳವೆಯಿದೆಯೇ ಎಂದು ಸ್ಟೆತಾಸ್ಕೋಪು ಕಿವಿಗಿಟ್ಟು ಇಂಜಿನ್ನಿನ ಎದೆ ಹೊಟ್ಟೆ ಬೆನ್ನು ಆಲಿಸುವುದು. ದರ್ಜಿ ಸ್ಪ್ಯಾನರುಗಳನ್ನು ಸೂಜಿ ಕೊಡುವ ಹಾಗೆ ಎರಡು ಬೆರಳಲ್ಲಿ ಹಿಡಿದು ಕೊಡುತ್ತಿದ್ದರು.

"ಎಲ್ಲಾನೂ ಒಟ್ಟಿಗೆ ಬದಲಾಯಿಸಿಬಿಡೇ, ಪೀಡೆ ತೊಲಗಲಿ."

"ಪೀಡೆ ತೊಲಗಲ್ಲ ರೀ, ಬಚ್ಚಿಟ್ಕೊಳ್ಳತ್ತೆ."

ಒಂದೊಂದನ್ನೇ ಮುಗಿಸಿ, ಕೊನೆಗೊಂದು ಬೆಳಿಗ್ಗೆ ಅವರು ಕೈ ಒರೆಸಿಕೊಳ್ಳುತ್ತ ಜೀಪಿನ ಸುತ್ತ ಒಂದು ಸುತ್ತು ಬಂದರು.

"ಬದಲಾಯಿಸದೆ ಉಳಿದಿರೋದು ಒಂದೇ."

"ಏನು?"

"ನಾನು. ಬನ್ನಿ, ಕೂತ್ಕೊಳ್ಳಿ ಇಲ್ಲಿ."

"ನನಗೆ ಓಡಿಸೋಕೆ ಬರಲ್ಲ ಕಣೇ!"

"ಅದಕ್ಕೇ ಕರೆದಿದ್ದು."

ಜನ್ಮದಲ್ಲಿ ಹೊಲಿಗೆಯಂತ್ರವನ್ನಲ್ಲದೆ ಬೇರೇನನ್ನೂ ತುಳಿಯದ ದರ್ಜಿ, ನೀರಿಗಿಳಿಯುವವರಂತೆ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ ಕೀ ತಿರುಗಿಸಿದರು. ಇಂಜಿನ್ನು ಒಂದೇ ಉಸಿರಿಗೆ ಎದ್ದಿತು. ಏರಲಿಲ್ಲ, ಇಳಿಯಲಿಲ್ಲ, ಗೋಡೆಯಾಚೆ ಯಾರೋ ಸಣ್ಣಗೆ ಮಾತಾಡಿಕೊಳ್ಳುತ್ತಿರುವ ಹಾಗೆ ನಿಂತಿತು. ಆರಿಸಿ ಮತ್ತೆ ಎಬ್ಬಿಸಲು ಹೇಳಿದರು, ಮತ್ತೆ ಹಾಗೇ.

"ಏನು ಮಾಡಿದ್ರಿ?"

"ಏನೂ ಮಾಡ್ಲಿಲ್ಲ ಮಾರಾಯ್ತಿ!"

"ಕಾಲು ಎಲ್ಲಿತ್ತು?"

"ಒಳಗೆ ಮಡಚ್ಕೊಂಡಿದ್ದೆ. ಏನಾದ್ರೂ ಒತ್ತಿಬಿಟ್ರೆ ಅಂತ."

ಡಾಕ್ಟರಮ್ಮ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತೇಬಿಟ್ಟರು. ಹಳೆಯ ಕಾರ್ಬ್ಯುರೇಟರಿಗೆ ಗುಟುಕು ಕುಡಿಸಲೆಂದು, ಕೀ ತಿರುಗಿಸುವ ಮುನ್ನ ಪೆಡಲನ್ನು ಎರಡು ಸಲ ಮೆಟ್ಟಿ ಒತ್ತಿಹಿಡಿಯುವ ಅಭ್ಯಾಸ ಆ ಬಲಗಾಲಿಗೆ ಕೆಲಸಕ್ಕೆ ಸೇರಿದ ದಿನದಿಂದಲೂ ಇತ್ತು. ಹೊಸ ಪೆಟ್ಟಿಗೆಯೋ, ಕೀ ತಿರುಗಿದ ಗಳಿಗೆಯಲ್ಲಿ ಪೆಡಲು ಎಲ್ಲಿದೆಯೋ ಅದನ್ನೇ ಕಾಲು ತಾಗದ ಪೆಡಲಿನ ವಿಶ್ರಾಂತಿಯ ಜಾಗವೆಂದು ನಂಬಿ ದಿನವಿಡೀ ತಪ್ಪು ಲೆಕ್ಕ ಹಾಕುತ್ತಿತ್ತು. ಫೋನಿನಲ್ಲಿ ಕೇಳಿದ ಮೆಕ್ಯಾನಿಕ್ ಹಣೆ ಬಡಿದುಕೊಂಡ ಸದ್ದು ದರ್ಜಿಗೂ ಕೇಳಿಸಿತು. "ಹೌದಲ್ಲ! ಈ ಹೊಟ್ಟೆ ಹೊತ್ಕೊಂಡು ನಾನು ಒಳಗೆ ಕೂತು ಸ್ಟಾರ್ಟ್ ಮಾಡಿದ್ದೇ ಇಲ್ಲ ಡಾಕ್ಟ್ರೇ!"

ಕರುವಿನ ನೆನಪಿಗೆ ಆಕೆಯ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಇನ್ನು ವಾರಗಟ್ಟಲೆ ಇದೇ ಕೊರಗು ಎಂದುಕೊಂಡರು ದರ್ಜಿ. ಆದರೆ ನೋಡನೋಡುತ್ತಿದ್ದಂತೆ ಅಲ್ಲಿ ಬೇರೊಂದು ಬೆಳಕು ಮೂಡಿತು. "ನನ್ನದೇ ಕಾಲು ರೀ!" ಎಂದರು, ಕಳೆದ ಬಳೆ ಸಿಕ್ಕವರ ಹಾಗೆ. "ಬೇರೆಯವರದ್ದಾಗಿದ್ರೆ ಏನು ಮಾಡೋಕಾಗ್ತಿತ್ತು?"

ಕಾಲಿಗೆ ಬುದ್ಧಿ ಹೇಳುವುದು ಸುಲಭವಾಗಿರಲಿಲ್ಲ. ತಲೆಗೆ ತಿಳಿದದ್ದು ಪಾದಕ್ಕೆ ತಲುಪಲು ದೂರ ಬಹಳ. ಕೊನೆಗೆ ಅವರು ಕಂಡುಕೊಂಡ ಉಪಾಯವೆಂದರೆ, ಕೈಬ್ರೇಕು ಎಳೆದು, ಬಲಗಾಲನ್ನು ಜೀಪಿನ ಹೊರಗೇ ಇಳಿಬಿಟ್ಟು ಕೀ ತಿರುಗಿಸುವುದು.

ನೆತ್ತಿಯ ಮನೆಯಿಂದಲೇ ಮತ್ತೆ ಕರೆ ಬಂತು. ಮತ್ತೊಂದು ಹಸು. ಅಷ್ಟಾದ ಮೇಲೂ ಆ ಮನೆಯವರು ಡಾಕ್ಟರಮ್ಮನನ್ನೇ ಕರೆದಿದ್ದರು. ದರ್ಜಿ ಅಂಗಡಿಯ ಬಾಗಿಲೆಳೆದು ಜೊತೆಗೆ ಹತ್ತಿದರು; ಮೊದಲ ಗೇಟಿನಲ್ಲಿ ಇಳಿಯಹೋದರೆ ಡಾಕ್ಟರಮ್ಮ ತೋಳು ಹಿಡಿದು ಕೂರಿಸಿದರು.

"ಬೇಡ. ಇವತ್ತು ಬದಲಾಗಿರೋದು ಕಾಲೊಂದೇ. ಗೇಟು ನೀವು ತೆಗೆದ್ರೆ ನನಗೇನು ಗೊತ್ತಾಗತ್ತೆ?"

"ಕರು ಕಾಯ್ತಿದೆಯಲ್ಲೇ!"

"ಅದಕ್ಕೇ."

ಒಂದೊಂದು ಗೇಟಿಗೂ ಆಕೆ ಇಳಿದು ಹೋಗುವರು. ಏರಿನಲ್ಲಿ ತಾನೇ ಉಸಿರಾಡುತ್ತ ನಿಂತ ಜೀಪಿನೊಳಗೆ ದರ್ಜಿ ತಮ್ಮ ಉಸಿರು ಹಿಡಿದು ಕೂರುವರು. ನಡುಹಾದಿಯ ಗೇಟು ದಾಟಿತು. ಕೊನೆಯ ಗೇಟಿನಲ್ಲಿ ಇಂಜಿನ್ನಿನ ಸದ್ದು ಒಮ್ಮೆ ಕುಗ್ಗಿ, ಏನೋ ಯೋಚಿಸಿ, ಮತ್ತೆ ಸಮವಾಯಿತು.

ಕೊಟ್ಟಿಗೆಯ ಮುಂದೆ ಮನೆಯ ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. "ಇಷ್ಟು ಬೇಗ ಬಂದ್ರಾ! ಈಗಷ್ಟೇ ನೀರು ಒಡೀತು ತಾಯಿ."

ತಪ್ಪು ತನ್ನದೆಂದು ತಿಳಿದಾಗ ಮುಖ ಮರೆಸಿಕೊಳ್ಳುವವರು ಲೋಕದಲ್ಲಿ ಬಹಳ. ತಲೆಬಾಗಿ ಒಪ್ಪಿಕೊಳ್ಳುವ ದೊಡ್ಡವರೂ ಉಂಟು. ಇವೆರಡಕ್ಕೂ ಸೇರದ ಒಂದು ಸಣ್ಣ ಕುಲವಿದೆ: ತಪ್ಪು ಕೊನೆಗೂ ತನ್ನ ಕೈಗೆಟಕುವ ಜಾಗದಲ್ಲೇ ಇತ್ತಲ್ಲ ಎಂದು ಹಿಗ್ಗುವವರು. ಅವರಿಗೆ ಪಶ್ಚಾತ್ತಾಪಕ್ಕೆ ಬಿಡುವು ಕಡಿಮೆ. ಮುಂದಿನ ಹಸು ಕಾಯುತ್ತಿರುತ್ತದೆ.

"ಸ್ವಲ್ಪ ಇಲ್ಲೇ ಇರಿ" ಎಂದು ಡಾಕ್ಟರಮ್ಮ ಚೀಲ ಹೆಗಲಿಗೇರಿಸಿದರು. "ಮಧ್ಯಾಹ್ನ ನಿಮಗೂ ಓಡಿಸೋದು ಕಲಿಸ್ಕೊಡ್ತೀನಿ. ನಿಮ್ಮ ಕಾಲಿಗೆ ಕೆಟ್ಟ ಅಭ್ಯಾಸ ಯಾವುದೂ ಇಲ್ಲ, ಅದೇ ಒಳ್ಳೇದು, ಆದ್ರೆ ಮೊದಲು ನೀವು ಆ ಕಣ್ಣು ಮುಚ್ಚೋದನ್ನ..."

ಒಳಗೆ ಹಸು ನರಳಿತು. ಮಾತು ಅಂಗಳದಲ್ಲೇ ಉಳಿಯಿತು, ಆಕೆ ಕೊಟ್ಟಿಗೆಯೊಳಗೆ ಹೊರಟುಹೋಗಿದ್ದರು.