ಪಿಸೂಪೊ ಪಕ್ಕಕ್ಕೆ ಏನು

ಪಿಸೂಪೊ ಜೊತೆಗೆ ಏನು ಬಡಿಸಬೇಕು ಎಂದು ನಮ್ಮ ದ್ವೀಪದಲ್ಲಿ ಯಾರೂ ಕೇಳುವುದಿಲ್ಲ. ಉಪ್ಪಿನಲ್ಲಿ ನೆನೆಸಿ ಡಬ್ಬಿಗೆ ತುಂಬಿದ ಆ ದನದ ಮಾಂಸ ಎಲೆಯ ನಡುವೆ ಕೂರುತ್ತದೆ. ಕೆಸುವಿನ ಗಡ್ಡೆ, ಜೀಗುಜ್ಜೆ, ಬಾಳೆಕಾಯಿ ಅದರ ಸುತ್ತ, ಸಭೆಯಲ್ಲಿ ಚಿಕ್ಕ ಮುಖಂಡರು ಕೂರುವ ಹಾಗೆ, ತಮಗೆ ಸಿಕ್ಕ ಜಾಗದಲ್ಲಿ ಕೂರುತ್ತವೆ. ಮದುವೆಗೂ ಡಬ್ಬಿ, ಸಾವಿಗೂ ಡಬ್ಬಿ, ಪಾದ್ರಿಗಳು ಊರಿಗೆ ಬಂದರೂ ಡಬ್ಬಿ, ಬಿಟ್ಟುಹೋದರೂ ಡಬ್ಬಿ. ನನ್ನ ಅತ್ತಿಗೆ ಲೂಪೆ ಈ ಪ್ರಶ್ನೆಯನ್ನು ಮೊದಲ ಸಲ ಕೇಳಿದಾಗ ಅವಳಿಗೆ ಅರವತ್ತಾರು ತುಂಬಿತ್ತು.

ಕಾರಣ ನನ್ನ ಮಗಳು ಸೆಫೋರಾ. ಅವಳು ನರ್ಸು. ತಿಂಗಳಿಗೊಮ್ಮೆ ಮಹಿಳಾ ಸಮಿತಿಯ ಮನೆಯಲ್ಲಿ ಚಾಪೆ ಹಾಸಿ ಕೂತು ಊರವರ ರಕ್ತದೊತ್ತಡ ನೋಡುತ್ತಾಳೆ. ಅವತ್ತು ನಮ್ಮ ಮನೆತನದ ಮುಖಂಡ, ಅಂದರೆ ನನ್ನ ಅಣ್ಣ ಪೆನಿಯಾತಾ, ತೋಳು ಚಾಚಿ ಕೂತಿದ್ದ.

"ಮಾವ, ನೂರ ತೊಂಬತ್ತು."

"ಒಳ್ಳೇದಾ?"

"ತೆಂಗಿನಮರ ಕಾಯಿ ಬಿಟ್ಟಿದ್ರೆ ಒಳ್ಳೇದು. ಪಿಸೂಪೊ ಬಿಡ್ಬೇಕು ನೀವು."

ಅಣ್ಣ ಅವಳನ್ನು ಮರುಕದಿಂದ ನೋಡಿದ. "ನಾನು ಬಿಟ್ರೂ ಅದು ನನ್ನ ಬಿಡಲ್ಲ, ಮಗಳೇ. ಯಾರ ಮನೆಗೆ ಹೋದ್ರೂ ಮೊದಲು ನನ್ನ ಮುಂದೇನೇ ಇಡ್ತಾರೆ."

ಚೌಕಾಸಿ ನಡೆಯಿತು. ಕೊನೆಗೆ ಭಾನುವಾರ ಮಾತ್ರ, ಅದೂ ಎರಡೇ ಚಮಚ ಎಂದಾಯಿತು. ಅಣ್ಣ ಒಪ್ಪಿದ. ಒಪ್ಪುವುದು ಅವನಿಗೆ ಸುಲಭ. ಮುಖಂಡನ ಮುಂದೆ ಎರಡು ಚಮಚ ಮಾಂಸ ಇಟ್ಟು ಮಾನ ಉಳಿಸಿಕೊಳ್ಳುವ ಕೆಲಸ ಅತ್ತಿಗೆಯದು.

ನಮ್ಮ ಮನೆಯಲ್ಲಿ ಭಾನುವಾರದ ಊಟ ಹೀಗೆ: ಚರ್ಚಿನಿಂದ ಬಂದ ಮೇಲೆ ಅಣ್ಣ ಮೊದಲು ಉಣ್ಣುತ್ತಾನೆ. ಅವನ ಬಲಕ್ಕೆ ನಾನು. ತಂಗಿಯ ಹಕ್ಕು ಅದು. ಅತ್ತಿಗೆ ಹಿಂದೆ ಕೂತು ನೊಣಕ್ಕೆ ಬೀಸಣಿಗೆ ಬೀಸುತ್ತಾಳೆ. ಎಲೆಯಲ್ಲಿ ಉಳಿದದ್ದು ಹಿತ್ತಿಲ ಅಡುಗೆಮನೆಗೆ, ಸೊಸೆಯಂದಿರಿಗೆ ಮತ್ತು ಮೊಮ್ಮಕ್ಕಳಿಗೆ ಹೋಗುತ್ತದೆ. ಜೊತೆಗೆ ಸುದ್ದಿಯೂ ಹೋಗುತ್ತದೆ. ಮುಖಂಡ ಏನು ತಿಂದ, ಏನು ಬಿಟ್ಟ ಎಂಬುದು ಸಂಜೆ ಸ್ನಾನದ ಕೊಳದಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಎಂದೂ ನಾಲ್ಕು ತುತ್ತಿಗಿಂತ ಹೆಚ್ಚು ಮಾಂಸ ಬಿಡದ ಪೆನಿಯಾತಾ ಮುಕ್ಕಾಲು ಭಾಗ ಬಿಟ್ಟನೆಂದರೆ ಕಾಯಿಲೆ ಎಂದೇ ಅರ್ಥ. ಕಾಯಿಲೆ ಎಂದರೆ, ಹನ್ನೊಂದು ವರ್ಷದಿಂದ ಆ ಪಟ್ಟಕ್ಕೆ ಕಾದಿರುವ ನಮ್ಮ ದೊಡ್ಡಪ್ಪನ ಮಗ ವಾಲಾಸಿ ಯೋಗಕ್ಷೇಮ ವಿಚಾರಿಸಲು ಡಬ್ಬಿ ಹಿಡಿದು ಬರುತ್ತಾನೆ. ಒಂದು ಸಲ ಬಂದರೆ ವಾರವಾರವೂ ಬರುತ್ತಾನೆ.

ಅತ್ತಿಗೆ ಶನಿವಾರ ತೆಂಗಿನಕಾಯಿ ತುರಿಯುತ್ತಾ ನನ್ನನ್ನು ಕೇಳಿದಳು. "ನೀನು ಮೂವತ್ತು ವರ್ಷ ಶಾಲೇಲಿ ಪಾಠ ಹೇಳಿದೋಳು. ಪಿಸೂಪೊ ಪಕ್ಕಕ್ಕೆ ಏನಿಟ್ರೆ ಮನುಷ್ಯ ಪಿಸೂಪೊ ಮರೀತಾನೆ?"

"ಇನ್ನೊಂದು ಪಿಸೂಪೊ."

"ನಿನ್ನ ಕೇಳಿದ್ನಲ್ಲ," ಎಂದು ಮತ್ತೆ ತುರಿಯತೊಡಗಿದಳು.

ಆ ಭಾನುವಾರ ಮಾಂಸ ಎಂದಿನಷ್ಟೇ ಇತ್ತು, ಎಂದಿನ ಜಾಗದಲ್ಲೇ ಇತ್ತು. ಅದನ್ನು ಮುಟ್ಟಲು ದಾರಿ ಮಾತ್ರ ಇರಲಿಲ್ಲ. ಕೆಂಡದಲ್ಲಿ ಸುಟ್ಟು ಸಿಪ್ಪೆ ಕೆರೆದ ಜೀಗುಜ್ಜೆ, ಹೊಗೆ ವಾಸನೆ ಇನ್ನೂ ಬಿಡದೆ. ಎಳೆ ಕೆಸುವಿನ ಎಲೆಯಲ್ಲಿ ಗಟ್ಟಿ ತೆಂಗಿನ ಹಾಲು ಸುರಿದು, ಕಟ್ಟಿ, ಬಿಸಿಗಲ್ಲಿನ ನಡುವೆ ಬೇಯಿಸಿದ ಪೊಟ್ಟಣಗಳು, ಎರಡಲ್ಲ, ಏಳು. ನಿಂಬೆಹುಳಿ ಹಿಂಡಿದ ಹಸಿ ಮೀನು. ಹಾಲಿನಲ್ಲಿ ಬೆಂದ ಬಾಳೆಕಾಯಿ.

"ಇದೇನಿದು ಇಷ್ಟೊಂದು ಜೀಗುಜ್ಜೆ, ಲೂಪೆ?"

"ಮರದ ತುಂಬ ಬಿಟ್ಟಿದೆ. ಬಾವಲಿ ತಿನ್ನೋ ಮುಂಚೆ ನೀವು ತಿನ್ನಿ."

"ಎಲೆ ಪೊಟ್ಟಣ?"

"ನಿಮ್ಮ ಮಗ ಕಟ್ಟಿದ್ದು. ಬಿಟ್ರೆ ಬೇಜಾರಾಗ್ತಾನೆ."

ಮಗನ ಬೇಜಾರಿಗೆ ಮೂರು, ಬಾವಲಿಯ ಮೇಲಿನ ಹಟಕ್ಕೆ ಅರ್ಧ ಜೀಗುಜ್ಜೆ. ಮಾಂಸದ ಹತ್ತಿರ ಬರುವಷ್ಟರಲ್ಲಿ ಅಣ್ಣ ತೇಗುತ್ತಿದ್ದ. ಎರಡು ಚಮಚ ತಿಂದು ಕೈತೊಳೆಯುವ ಬಟ್ಟಲು ಎಳೆದುಕೊಂಡ. ನಮ್ಮ ಬೆನ್ನ ಹಿಂದೆ ಬೀಸಣಿಗೆ ಸ್ವಲ್ಪ ಜೋರಾಗಿ ಆಡುತ್ತಿತ್ತು.

ಹೀಗೇ ನಾಲ್ಕು ತಿಂಗಳು. ಮೊಮ್ಮಕ್ಕಳಲ್ಲಿ ಒಬ್ಬಳು ನನ್ನ ಹತ್ತಿರ ದೂರು ತಂದಳು. "ಅಜ್ಜಿ, ತಾತ ಈಗೀಗ ಪಿಸೂಪೊ ಒಂದು ಚೂರೂ ಬಿಡಲ್ಲ." ಕೊಳದಲ್ಲೂ ಅದೇ ಮಾತು: ಪೆನಿಯಾತಾನ ಹಸಿವು ಇಪ್ಪತ್ತರ ಹುಡುಗನದು. ವಾಲಾಸಿ ಸೊರಗಿದ. ಮುಕ್ಕಾಲು ಭಾಗ ಮಾಂಸ ಎಲೆಯಲ್ಲೇ ಉಳಿಯುವುದನ್ನು ಪ್ರತಿ ವಾರ ನೋಡುತ್ತಿದ್ದ ನನಗೆ ಆಗಲಾದರೂ ಅನುಮಾನ ಬರಬೇಕಿತ್ತು. ಆದರೆ ಅಣ್ಣನ ಬಲಕ್ಕೆ ಕೂರುವ ತಂಗಿಗೆ ಹಿಂದೆ ತಿರುಗಿ ನೋಡುವ ಅಭ್ಯಾಸವಿರುವುದಿಲ್ಲ.

ಸೆಫೋರಾ ಅಣ್ಣನ ತೋಳಿಗೆ ಪಟ್ಟಿ ಸುತ್ತಿ ನೂರ ನಲವತ್ತು ಎಂದಳು. ಅಣ್ಣ ಅದನ್ನು ಪಾದ್ರಿಗಳಿಗೂ ಹೇಳಿಬಂದ. ಅದರ ಮರುದಿನ, ಭಾನುವಾರ, ಎರಡನೆಯ ಸ್ತುತಿಗೀತೆಯ ನಡುವೆ ಅತ್ತಿಗೆಯ ಬಿಳಿ ಟೋಪಿ ಮೊದಲು ಜಾರಿತು, ಆಮೇಲೆ ಅತ್ತಿಗೆ ಜಾರಿ ಬೆಂಚಿನ ಮೇಲೆ ಕುಸಿದಳು.

ಮನೆಗೆ ಕರೆತಂದು ಸೆಫೋರಾ ಪಟ್ಟಿ ಸುತ್ತಿದರೆ ನೂರ ತೊಂಬತ್ತೆಂಟು.

"ಅತ್ತೆ, ಏನು ತಿಂತಿದೀರಿ ನೀವು?"

"ಎಲ್ಲಾರೂ ತಿನ್ನೋದೇ."

"ಪಿಸೂಪೊ?"

ಅತ್ತಿಗೆ ಮಡಿಲಲ್ಲಿದ್ದ ಟೋಪಿಯ ಹೂವು ಸರಿಪಡಿಸಿದಳು. ಅಣ್ಣ ನಲವತ್ತು ವರ್ಷ ಊರಿನ ಬೇಲಿ ಜಗಳ ತೀರಿಸಿದವನು. ಬೇಲಿಯ ಈಚೆ ಕಾಣೆಯಾದದ್ದು ಆಚೆ ಸಿಗುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.

"ನನ್ನ ಎಲೇಲಿ ಉಳಿದಿದ್ದು ಎಲ್ಲಿ ಹೋಗ್ತಿತ್ತು, ಲೂಪೆ?"

"ಹಿತ್ತಲಿಗೆ ಕಳಿಸಿದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಚೆಲ್ಲೋಕೆ ಮನಸು ಬರಲ್ಲ. ನಾಯಿಗೆ ಹಾಕಿದ್ರೆ ಅದು ಕಚ್ಕೊಂಡು ನೇರ ವಾಲಾಸಿ ಅಂಗಳಕ್ಕೆ ಹೋಗುತ್ತೆ."

"ಅದಕ್ಕೆ ನೀನು ತಿಂದೆ."

"ಹಿಂದಿನ ಚಾಪೆ ಪರದೆ ಇಳಿಸ್ಕೊಂಡು. ಬೇಗ ಬೇಗ."

"ರುಚಿಯಾಗಿತ್ತಾ?"

"ತಣ್ಣಗಿರ್ತಿತ್ತು," ಎಂದಳು ಅತ್ತಿಗೆ. "ಆದ್ರೂ ಪಿಸೂಪೊ ಅಲ್ವಾ."

ಮುಂದಿನ ಭಾನುವಾರ ಎಲೆ ಬಂತು. ಮಾಂಸ ನಡುವೆ, ಉಳಿದವು ಸುತ್ತ. ಅಣ್ಣ ಪ್ರಾರ್ಥನೆ ಮುಗಿಸಿ ಕೈಕಟ್ಟಿ ಕೂತ. ಅವನು ತುತ್ತೆತ್ತದೆ ಮನೆಯಲ್ಲಿ ಯಾರೂ ತಿನ್ನುವಂತಿಲ್ಲ. ಹಿತ್ತಿಲಲ್ಲಿ ಒಂದು ಮಗು ಅಳತೊಡಗಿತು.

"ಉಣ್ಣಿ, ಆರುತ್ತೆ," ಎಂದಳು ಅತ್ತಿಗೆ.

"ಪಕ್ಕಕ್ಕೆ ಒಂದು ಕಮ್ಮಿ ಇದೆ."

"ಎಲ್ಲಾ ಇಟ್ಟಿದೀನಲ್ಲ. ಏನು ಕಮ್ಮಿ?"

"ನೀನು. ಬಾ, ಕೂತ್ಕೋ."

"ಸೊಸೆಯಂದ್ರು ನೋಡ್ತಾರೆ. ನಿಮ್ಮಮ್ಮ ಇದೇ ಜಾಗದಲ್ಲಿ ಬೀಸ್ತಾ ಕೂತಿರ್ತಿದ್ರು."

"ಅಮ್ಮಂಗೆ ನೂರ ತೊಂಬತ್ತೆಂಟು ಇರ್ಲಿಲ್ಲ."

"ಯಾರು ನೋಡಿದ್ರು?" ಎಂದಳು ಅತ್ತಿಗೆ. ಅದು ನಿಜವೇ. ಅಮ್ಮ ಒಂದು ಮಧ್ಯಾಹ್ನ ಬೀಸಣಿಗೆ ಹಿಡಿದೇ ಒರಗಿ ಪ್ರಾಣ ಬಿಟ್ಟಿದ್ದಳು. ಯಾರೂ ಏನೂ ಅಳೆದಿರಲಿಲ್ಲ.

ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ಅಣ್ಣನ ಎಡಕ್ಕೆ ಕಂಬ, ಬಲಕ್ಕೆ ನಾನು. ಬುದ್ಧಿ ಬಂದಾಗಿನಿಂದ ಆ ಜಾಗ ನನ್ನದು, ಮದುವೆಯಾದ ಮೇಲೂ ಬಿಟ್ಟಿರಲಿಲ್ಲ. ಮಂಡಿ ನೋವಿನ ನೆಪ ಹೇಳಿ ಹಿಂದೆ ಸರಿದೆ. ಅತ್ತಿಗೆ ಬೀಸಣಿಗೆಯನ್ನು ಎಲ್ಲಿಡುವುದು ಎಂದು ತಿಳಿಯದೆ ನನ್ನ ಕೈಗೆ ಕೊಟ್ಟಳು.

ಅಣ್ಣ ಮಾಂಸದಲ್ಲಿ ಎರಡು ಚಮಚ ತೆಗೆದ. ಒಂದು ತನಗೆ, ಒಂದು ಅವಳಿಗೆ. ಉಳಿದದ್ದನ್ನು ಹಿರಿಯ ಸೊಸೆಯನ್ನು ಕರೆದು ಅವಳ ಕೈಗಿಟ್ಟ. "ಮಕ್ಕಳಿಗೆ ಹಾಕು. ನಮಗಿಬ್ಬರಿಗೂ ಬೇಡ ಅಂದಿದಾಳೆ ಸೆಫೋರಾ. ಕೊಳದ ಹತ್ರ ಹೇಳುವಾಗ ಅಂಕಿ ಸರಿಯಾಗಿ ಹೇಳು. ವಾಲಾಸಿ ಬಂದ್ರೆ ಜೀಗುಜ್ಜೆ ತರೋಕೆ ಹೇಳು, ಡಬ್ಬಿ ಬೇಡ."

ಹಿತ್ತಿಲಲ್ಲಿ ಅಳು ನಿಂತಿತು.

ಅತ್ತಿಗೆ ಕೆಸುವಿನ ಪೊಟ್ಟಣ ಬಿಡಿಸಿ, ತನ್ನ ಒಂದು ಚಮಚ ಮಾಂಸವನ್ನು ಅದರ ಮೇಲಿಟ್ಟು ಬಾಯಿಗೆ ಹಾಕಿಕೊಂಡಳು. ತಕ್ಷಣ ಅಂಗೈ ಬಾಯಿಗೆ ಅಡ್ಡ ಹಿಡಿದಳು.

"ಏನಾಯ್ತು?"

"ಬಿಸಿ ಇದೆ," ಎಂದಳು.

ಅಣ್ಣ ತಲೆ ತಿರುಗಿಸದೆ ನನಗೆ ಹೇಳಿದ, "ಬೀಸು."

ನಾನು ಬೀಸಿದೆ. ಚೆನ್ನಾಗೇನೂ ಬೀಸಲಿಲ್ಲ; ನೊಣಗಳಿಗೂ ಅದು ಗೊತ್ತಾಯಿತು.