ಮೂರನೆಯ ಕೂಗು

ನಿವೃತ್ತರ ಸಂಘದ ಹಜಾರದಲ್ಲಿ ಕೈಯಿರುವ ಬೆತ್ತದ ಕುರ್ಚಿಗಳು ಹನ್ನೆರಡಿದ್ದವು. ಗೋಡೆಗೆ ತಾಗಿಸಿ ಒಂದು ಉದ್ದನೆಯ ಬೆಂಚು ಹಾಕಿದ್ದರು. ಯಾರು ಎಲ್ಲಿ ಕೂರಬೇಕೆಂದು ಯಾವ ನಿಯಮಾವಳಿಯಲ್ಲೂ ಬರೆದಿರಲಿಲ್ಲ. ಆದರೂ ಸೇರಿದ ಮೊದಲ ದಿನ ನಾನು ಖಾಲಿಯಿದ್ದ ಒಂದು ಕುರ್ಚಿಯಲ್ಲಿ ಕೂತಾಗ, ನಿವೃತ್ತ ತಹಸೀಲ್ದಾರ್ ನಾಗಭೂಷಣರು ಬಾಗಿಲಲ್ಲೇ ನಿಂತು ನನ್ನನ್ನು ಒಮ್ಮೆ ನೋಡಿದರು. ಅಷ್ಟೇ. ನನ್ನ ಮಂಡಿಗಳು ನನ್ನನ್ನು ಕೇಳದೆ ಎದ್ದು ನಿಂತವು. ನಾನು ಬೆಂಚಿಗೆ ಹೋದೆ. ಆ ಮಂಡಿಗಳ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮೂವತ್ತನಾಲ್ಕು ವರ್ಷ ನಾನು ನಮ್ಮೂರಿನ ಮುನ್ಸೀಫ್ ಕೋರ್ಟಿನಲ್ಲಿ ದಫೇದಾರನಾಗಿದ್ದೆ. ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಅದರ ಮೇಲೆ ಹಿತ್ತಾಳೆಯ ಬಿಲ್ಲೆ. ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ನನ್ನ ಕೆಲಸ. ಮೂರು ಕೂಗಿಗೂ ಯಾರೂ ಬಾರದಿದ್ದರೆ ಒಳಗೆ ತಿರುಗಿ, "ಕೂಗಿಸಲಾಗಿ ಹಾಜರಿಲ್ಲ ಸ್ವಾಮಿ" ಎನ್ನಬೇಕು. ಮುನ್ಸೀಫರು ತಲೆಯೆತ್ತದೆ "ವಜಾ" ಎನ್ನುತ್ತಾರೆ. ಅಲ್ಲಿಗೆ ಆ ಮನುಷ್ಯನ ಹೊಲವೋ ಮನೆಯೋ ಮಾನವೋ ಮುಗಿದಂತೆ. ಕೂಗುವುದೇನು ಮಹಾ ಎಂದು ಜನ ತಿಳಿದಿದ್ದರು. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಬಿಡಬೇಕೆನ್ನುವುದು ನನ್ನ ಕೈಲಿತ್ತು. ಬಸ್ಸಿಳಿದು ಓಡಿಬರುವ ಮುದುಕರಿಗೆ, ಕೂಸಿಗೆ ಹಾಲು ಕೊಡುತ್ತಾ ಮರದಡಿ ಕೂತ ಹೆಂಗಸರಿಗೆ ಸಾಕಾಗುವಷ್ಟು ಹೊತ್ತು ನಾನು ಬಿಡುತ್ತಿದ್ದೆ. ವಕೀಲರು ಗೊಣಗಿದರೂ ಬಿಡುತ್ತಿದ್ದೆ.

ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ನನ್ನ ಹೆಂಡತಿ ಸಣ್ಣಮ್ಮನ ಅಡುಗೆಯಲ್ಲಿ ತಪ್ಪು ಹುಡುಕತೊಡಗಿದೆ. ಎರಡು ತಿಂಗಳು ಸಹಿಸಿದ ಅವಳು ಒಂದು ದಿನ ಸೌಟನ್ನು ಕೆಳಗಿಟ್ಟು, "ಆ ಸಂಘಕ್ಕಾದ್ರೂ ಹೋಗಿ. ಅಲ್ಲಿ ಭಜನೆ ಐತೆ, ಕೇರಂ ಐತೆ, ನಾಟಕ ಆಡ್ತಾರಂತೆ. ನಿಮಗೂ ನಾಟಕದ ಹುಚ್ಚು ಇತ್ತಲ್ಲ?" ಎಂದಳು. ಇತ್ತು. ಬಣ್ಣ ಹಚ್ಚಬೇಕೆಂಬ ಆಸೆಯನ್ನು ಇಪ್ಪತ್ತನೆಯ ವಯಸ್ಸಿನಿಂದ ಹಾಗೇ ಇಟ್ಟುಕೊಂಡಿದ್ದೆ.

ಸಂಘದ ಬಾಗಿಲ ಮೇಲೆ 'ಇಲ್ಲಿ ಎಲ್ಲರೂ ಸಮಾನರು' ಎಂದು ಚಂದದ ಅಕ್ಷರಗಳಲ್ಲಿ ಬರೆಸಿದ್ದರು. ಬಾಗಿಲು ದಾಟಿದರೆ, "ದಫೇದಾರ್, ಆ ಕಿಟಕಿ ಸ್ವಲ್ಪ ತೆಗೀರಿ. ದಫೇದಾರ್, ಕಾಫಿ ಬಂತಾ ನೋಡ್ರಿ." ಕೆಲಸದಲ್ಲಿದ್ದಾಗ 'ತೆಗಿಯೋ' ಎನ್ನುತ್ತಿದ್ದವರು ಈಗ 'ತೆಗೀರಿ' ಎನ್ನುತ್ತಿದ್ದರು. ನಿವೃತ್ತಿಯಿಂದ ನನಗೆ ಸಿಕ್ಕ ಬಡ್ತಿ ಅದೊಂದೇ. ನನಗೂ ಒಂದು ಹೆಸರಿದೆಯೆಂದು ಅವರಲ್ಲಿ ಯಾರಿಗೂ ಹೊಳೆಯಲಿಲ್ಲ. ಕುರ್ಚಿಗಳಲ್ಲಿ ಅವರು, ಬೆಂಚಿನ ಮೇಲೆ ನಾನು ಮತ್ತು ಪಂಚಾಯ್ತಿಯ ಮಾಜಿ ಜವಾನ. ಆತ ಆರು ವಾರದಲ್ಲೇ ಬರುವುದು ಬಿಟ್ಟ. ನಾನು ಬಿಡಲಿಲ್ಲ, ಯಾಕೆಂದರೆ ನಾಟಕ ಬಾಕಿಯಿತ್ತು.

ನಾಟಕ ಬರೆದವರು ನಿವೃತ್ತ ಮುಖ್ಯೋಪಾಧ್ಯಾಯಿನಿ ಅಂಬುಜಾಕ್ಷಿ. ದೊರೆಯ ಆನೆ ತುಳಿದು ಮಗನನ್ನು ಕಳೆದುಕೊಂಡ ಮುದಿ ಕುಂಬಾರನೊಬ್ಬ ನ್ಯಾಯ ಕೇಳಲು ಅರಮನೆಗೆ ಬರುವ ಕಥೆ. ಕುಂಬಾರನಿಗೆ ಎರಡು ಪುಟದ ಒಂದೇ ಮಾತಿತ್ತು. ಅದನ್ನು ನಾನು ನಾಲ್ಕೇ ದಿನದಲ್ಲಿ ಬಾಯಿಪಾಠ ಮಾಡಿದೆ. ಪಾತ್ರ ಹಂಚುವ ದಿನ ಎದ್ದು ನಿಂತು ಹೇಳಿದೆ. ಹೇಳಿ ಮುಗಿಸಿದಾಗ ಅಂಬುಜಾಕ್ಷಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಕೇರಂ ಆಡುತ್ತಿದ್ದವರೂ ಕೈ ನಿಲ್ಲಿಸಿದ್ದರು.

"ಚೆನ್ನಾಗಿ ಹೇಳಿದ್ರಿ," ಎಂದರು ನಾಗಭೂಷಣರು. "ಆದ್ರೆ ಕುಂಬಾರನ ಪಾತ್ರ ಭಾರದ್ದು. ಅದನ್ನ ನಾನು ನೋಡ್ಕೋತೀನಿ. ನಿಮಗೆ ದ್ವಾರಪಾಲಕ ಇದಾನಲ್ಲ! ಮೂವತ್ತನಾಲ್ಕು ವರ್ಷದ ಅನುಭವ. ತಾಲೀಮೇ ಬೇಡ."

ಎಲ್ಲರೂ ನಕ್ಕರು. ದೊರೆಯ ಪಾತ್ರ ವಾಮನಮೂರ್ತಿಗಳಿಗೆ ಹೋಗಿತ್ತು. ಅವರು ನಿವೃತ್ತ ಮುನ್ಸೀಫರು. ಹನ್ನೊಂದು ವರ್ಷ ನಾನು ಅವರ ಬಾಗಿಲಲ್ಲೇ ಕೂಗಿದ್ದೆ. ಅವರು ನಗಲೂ ಇಲ್ಲ, ಬೇಡವೆನ್ನಲೂ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಅಂದು ಮನೆಗೆ ಬಂದು ಊಟ ಬಿಟ್ಟೆ. "ಬಿಟ್ಟಾಕಿ ಅತ್ಲಾಗೆ, ಹೋಗ್ಬೇಡಿ," ಎಂದಳು ಸಣ್ಣಮ್ಮ. ಹೋಗದಿದ್ದರೆ ಅವರ ಮಾತೇ ಸರಿಯಾಗುತ್ತಿತ್ತು. ಹೋದೆ. ಈಟಿ ಹಿಡಿದು ನಿಂತು ಎರಡು ತಿಂಗಳು ತಾಲೀಮು ಮಾಡಿದೆ. ನನ್ನ ಮಾತನ್ನು ನಾಗಭೂಷಣರು ಕಂದಾಯದ ನೋಟೀಸು ಓದಿದಂತೆ ಒಪ್ಪಿಸುವುದನ್ನು ಹಲ್ಲು ಕಚ್ಚಿಕೊಂಡು ಕೇಳಿದೆ.

ವಾರ್ಷಿಕೋತ್ಸವದ ದಿನ ಪುರಭವನ ತುಂಬಿತ್ತು. ಸಣ್ಣಮ್ಮ ಮೂರನೆಯ ಸಾಲಿನಲ್ಲಿದ್ದಳು. ಪರದೆ ಸರಿಯಿತು. ಸಿಂಹಾಸನದ ಮೇಲೆ ವಾಮನಮೂರ್ತಿಗಳು, ಪಕ್ಕದಲ್ಲಿ ನಾನು. "ಯಾರಲ್ಲಿ, ದೂರು ತಂದವರನ್ನು ಕರೆ," ಎಂದರು ದೊರೆ. ಪುಸ್ತಕದ ಪ್ರಕಾರ ನಾನು ಒಂದು ಸಲ ಕರೆಯಬೇಕು, ಕುಂಬಾರ ಬರಬೇಕು. ನಾನು ಕರೆದೆ. ಯಾರೂ ಬರಲಿಲ್ಲ. ಸಭೆ ಕಾದಿತ್ತು. ಇನ್ನೊಮ್ಮೆ ಕರೆದೆ. ಮೂರನೆಯ ಬಾರಿ ನನ್ನ ಗಂಟಲಿನಿಂದ ಹೊರಟದ್ದು ಅಪ್ಪಟ ಕೋರ್ಟಿನ ಕೂಗು. ಪುರಭವನದ ತಗಡೆಲ್ಲ ನಡುಗಿತು. ಆಮೇಲೆ ನನಗರಿವಿಲ್ಲದೆ ಸಿಂಹಾಸನದ ಕಡೆ ತಿರುಗಿ, ಸೊಂಟ ಬಗ್ಗಿಸಿ, "ಕೂಗಿಸಲಾಗಿ ಹಾಜರಿಲ್ಲ ಸ್ವಾಮಿ," ಎಂದೆ.

ದೊರೆ ತಲೆಯೆತ್ತದೆ, "ವಜಾ," ಎಂದರು.

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿದ್ದ ವಕೀಲರೊಬ್ಬರು ಮೊದಲು ನಕ್ಕರು. ಆಮೇಲೆ ಇಡೀ ಊರು ನಕ್ಕಿತು. ಗಡ್ಡ ಅರ್ಧ ಅಂಟಿಸಿಕೊಂಡ ನಾಗಭೂಷಣರು ಓಡಿ ಬಂದು ರಂಗದ ನಡುವೆ ನಿಂತರು. ಅವರು ಬಾಯಿ ತೆರೆದಷ್ಟೂ ಜನ ಹೊಟ್ಟೆ ಹಿಡಿದುಕೊಂಡರು. ಪರದೆ ಎಳೆಯಬೇಕಾಯಿತು.

ಮೂರನೆಯ ದಿನ ನನ್ನ ಮನೆಗೆ ಕಾಗದ ಬಂತು. ಸಂಘದ ಗೌರವಕ್ಕೆ ಧಕ್ಕೆ ತಂದದ್ದಕ್ಕಾಗಿ ನಿಮ್ಮನ್ನು ಸದಸ್ಯತ್ವದಿಂದ ಏಕೆ ತೆಗೆಯಬಾರದು, ಭಾನುವಾರದ ಸಭೆಗೆ ಬಂದು ವಿವರಣೆ ನೀಡುವುದು. ನಿವೃತ್ತನಾದ ಮೇಲೂ ನನಗೆ ನೋಟೀಸು! ಆ ಸಿಟ್ಟಿನಲ್ಲಿ ಭಾನುವಾರ ಸಂಘಕ್ಕೆ ಹೋಗಿ ನೇರವಾಗಿ ಕೈಯಿರುವ ಕುರ್ಚಿಯೊಂದರಲ್ಲಿ ಕೂತೆ. ಈ ಸಲ ಮಂಡಿಗಳು ನನ್ನ ಮಾತು ಕೇಳಿದವು.

"ಬೇಕಂತಲೇ ಮಾಡಿದ್ರಿ," ಎಂದರು ನಾಗಭೂಷಣರು. "ಗಡ್ಡದ ಗೋಂದು ಹಿಡೀತಿರಲಿಲ್ಲ. ಪಕ್ಕದ ಪರದೆ ಹತ್ರ ನಿಂತು, ತಡೀರಿ ಅಂತ ಕೈ ಎತ್ತಿ ತೋರಿಸಿದೆ. ನೀವು ನೋಡಿದ್ರಿ."

ಇಲ್ಲವೆನ್ನಬಹುದಿತ್ತು. ಅಭ್ಯಾಸಬಲ, ಕ್ಷಮಿಸಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಹೌದು, ನೋಡಿದೆ," ಎಂದೆ. "ನೋಡಿಯೇ ಮೂರನೇದು ಕೂಗಿದೆ. ಬಿಡಬೇಕಾದಷ್ಟು ಹೊತ್ತು ಬಿಡಲಿಲ್ಲ. ಬರ್ಕೊಳ್ಳಿ. ಆದ್ರೆ ವಜಾ ಅಂದೋರು ಯಾರು? ಅವರ ವಿವರಣೆ ಯಾರು ಕೇಳ್ತೀರಿ?"

ಯಾರೂ ಅಧ್ಯಕ್ಷರ ಕಡೆ ನೋಡಲಿಲ್ಲ. ಅಧ್ಯಕ್ಷರು ವಾಮನಮೂರ್ತಿಗಳೇ. ಅವರು ಮೇಜಿನ ಮೇಲಿದ್ದ ಕಾಗದವನ್ನು ಮಡಿಸಿ, "ಸಭೆ ಮುಂದಕ್ಕೆ ಹಾಕಿದೆ," ಎಂದು ಎದ್ದುಬಿಟ್ಟರು. ಜೀವನವಿಡೀ ವಾಯಿದೆ ಕೊಟ್ಟವರು ಇನ್ನೇನು ಮಾಡಿಯಾರು! ನಾನು ಮನೆಗೆ ಬಂದು ಆ ನೋಟೀಸನ್ನು ಸಣ್ಣಮ್ಮನ ಒಲೆಗೆ ಹಾಕಿದೆ.

ಮಾರನೆಯ ಬೆಳಿಗ್ಗೆ ವಾಮನಮೂರ್ತಿಗಳು ನನ್ನ ಮನೆಯ ಮುಂದೆ ನಿಂತಿದ್ದರು, ಒಬ್ಬರೇ. ಸಣ್ಣಮ್ಮ ಚಾಪೆ ಹುಡುಕಲು ಒಳಗೆ ಓಡಿದಳು. ನಾನು ಜಗಲಿಯಿಂದ ಏಳಲಿಲ್ಲ. ಅವರೇ ನನ್ನೆದುರು ಬರಿ ಜಗಲಿಯ ಮೇಲೆ ಕೂತರು.

"ವಜಾ ಅಂದೆ ನೋಡಿ, ಅದು ತಾನಾಗೇ ಬಂತು," ಎಂದರು. "ಯಾರು ಬಂದಿಲ್ಲ, ಯಾಕೆ ಬಂದಿಲ್ಲ, ಒಂದೂ ತಲೆಗೆ ಬರಲಿಲ್ಲ. ಹಾಗೆ ಎಷ್ಟು ಸಲ ಅಂದಿದ್ದೀನೋ." ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿದರು. "ಕುಂಬಾರನ ಮಾತು ನೀವು ಹೇಳಿದ ದಿನ ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ಈಗ ಹೇಳ್ತೀರಾ?"

ಕರಗಿಹೋದೆನೆಂದು ಹೇಳಿದರೆ ಸುಳ್ಳಾದೀತು. ಸಂಘದವರೆಲ್ಲರ ಎದುರು ನನ್ನಿಂದ ಕಿತ್ತುಕೊಂಡದ್ದನ್ನು ಈಗ ಜಗಲಿಯ ಮೇಲೆ ಭಿಕ್ಷೆ ಹಾಕಲು ಬಂದಿದ್ದಾರೆ ಅನ್ನಿಸಿತು. ಹಾಗಾದರೆ ಕೇಳಲಿ ಎಂದುಕೊಂಡು ಎದ್ದು ನಿಂತೆ.

"ದೊರೆಯೇ," ಎಂದು ಶುರುಮಾಡಿದೆ. "ನನ್ನ ಹೆಸರು ಕೂಗಿದಾಗ ನಾನು ಬಾಗಿಲಲ್ಲೇ ಇದ್ದೆ."

ಇದು ಅಂಬುಜಾಕ್ಷಿಯವರು ಬರೆದ ಮಾತಾಗಿರಲಿಲ್ಲ. ಅವರ ಎರಡು ಪುಟದಲ್ಲಿ ಇದೆಲ್ಲೂ ಇರಲಿಲ್ಲ. ಆದರೆ ಬಾಯಿಗೆ ಬಂದದ್ದು ನಿಲ್ಲಲಿಲ್ಲ.

"ಬೋರಮ್ಮ ಕೋಂ ಸಿದ್ದಯ್ಯ," ಎಂದೆ. "ಸಿದ್ದಯ್ಯನ ಹೆಂಡ್ತಿ, ಭಾವ ಕಸಿದ್ಕೊಂಡ ಮನೆ ಪಾಲಿಗೆ ದಾವಾ ಹಾಕಿದ್ದೋಳು. ಬೇಸಿಗೆ ರಜೆಯ ಹಿಂದಿನ ದಿನ. ನಿಮಗೆ ರೈಲಿಗೆ ಹೊತ್ತಾಗಿತ್ತು. ಬೇಗ ಮುಗಿಸು ಅಂತ ನನಗೆ ಕಣ್ಣಲ್ಲಿ ಹೇಳಿದ್ರಿ. ಮೂರೂ ಕೂಗನ್ನ ಒಂದೇ ಉಸಿರಲ್ಲಿ ಕೂಗಿದೆ ಸ್ವಾಮಿ. ಅವಳು ಬಾಗಿಲೆದುರಿನ ನಲ್ಲಿ ಹತ್ರ ಬಗ್ಗಿ ನೀರು ಕುಡೀತಿದ್ಲು. ನಾನಿದ್ದೀನಿ ಅಂತ ಒದ್ದೆ ಕೈ ಎತ್ತಿದ್ಲು. ನೋಡಿದೆ. ನೋಡಿಯೇ ಒಳಗೆ ತಿರುಗಿದೆ."

ಅವರ ಮೇಲೆ ಹೊರಟ ಸಿಟ್ಟು ನನ್ನ ಮೇಲೇ ಬಂದು ಬಿದ್ದಿತ್ತು. ಅಂದು ಅವರ ರೈಲಿಗಾಗಿ ಮಾಡಿದ್ದನ್ನೇ ರಂಗದ ಮೇಲೆ ನನ್ನ ಹಟಕ್ಕಾಗಿ ಮಾಡಿದ್ದೆ. ಮುದುಕರಿಗೆ, ಹೆಂಗಸರಿಗೆ ಹೊತ್ತು ಬಿಡುತ್ತಿದ್ದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು, ಬೇಕಾದಾಗ ಬಿಡದೆಯೂ ಇದ್ದೆ. ಬಾಗಿಲ ಹಿಂದೆ ಸಣ್ಣಮ್ಮ ಚಾಪೆ ಹಿಡಿದುಕೊಂಡು ಹಾಗೇ ನಿಂತಿದ್ದಳು. ಅವಳಿಗೂ ನಾನು ಇದನ್ನು ಹೇಳಿರಲಿಲ್ಲ.

ವಾಮನಮೂರ್ತಿಗಳು ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು.

"ಆಮೇಲೆ?" ಎಂದರು.

ಅಷ್ಟು ವರ್ಷದಲ್ಲಿ ಆ ಬಾಗಿಲಲ್ಲಿ ನಿಂತ ಯಾರನ್ನೂ ಅವರು ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಹೇಳಿದೆ. ಅವಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬಂದು, "ನನ್ನ ಹೆಸರು ಕೂಗಿದ್ರಾ ಯಪ್ಪಾ?" ಎಂದು ಕೇಳಿದ್ದನ್ನೂ, "ಕೂಗಾಯ್ತು, ಹೋಗಮ್ಮ" ಎಂದು ನಾನು ಅಂದದ್ದನ್ನೂ ಹೇಳಿದೆ. ಅವಳಾದ ಮೇಲೆ ಇನ್ನೊಂದು ಹೆಸರು ನೆನಪಾಯಿತು, ಅದರ ಹಿಂದೆ ಮತ್ತೊಂದು. ಜಗಲಿಯ ಬಿಸಿಲು ಅವರ ಪಾದದಿಂದ ಮಂಡಿಗೇರಿತು, ಮಂಡಿಯಿಂದ ಎದೆಗೇರಿತು. ಅವರು ನೆರಳಿಗೆ ಸರಿಯಲಿಲ್ಲ.