ಕೋನಪ್ಪನವರ ಮಂಡಿನೋವು

ಮೂವತ್ತು ದಾಟುವಷ್ಟರಲ್ಲಿ ಮೋಹನ್‌ಬಾಬುವಿನ ನೆತ್ತಿ ಪೂರ್ತಿ ಬರಿದಾಗಿತ್ತು. ಕಿವಿಗಳ ಮೇಲೆ ಮತ್ತು ಹಿಂದೆ ಕತ್ತಿನ ಹತ್ತಿರ ಕೂದಲಿನ ತೆಳುವಾದ ಒಂದು ಪಟ್ಟಿಯಷ್ಟೇ ಉಳಿದಿತ್ತು. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದ ಅವನು ಒಳಗೆ ಹೆಲ್ಮೆಟ್, ಹೊರಗೆ ಕ್ಯಾಪ್ ಹಾಕಿಕೊಂಡು ದಿನ ತಳ್ಳುತ್ತಿದ್ದ. ಆದರೆ ಹೆಣ್ಣು ನೋಡಲು ಹೋದ ಕಡೆ ಕ್ಯಾಪ್ ತೆಗೆಯಲೇಬೇಕಲ್ಲ. ಒಂದು ಮನೆಯಲ್ಲಂತೂ ಹುಡುಗಿಯ ಅಜ್ಜಿ ಅವನನ್ನೇ ನೋಡುತ್ತಾ, "ಹುಡುಗ ಎಲ್ಲಪ್ಪಾ?" ಎಂದು ಕೇಳಿಬಿಟ್ಟಿದ್ದಳು.

ಅದಾದ ಮೇಲೆ ಅವನು ಚಿಕ್ಕಬಳ್ಳಾಪುರದ ಕ್ಲಿನಿಕ್ಕೊಂದಕ್ಕೆ ಹೋದ. ಬೇಡವೆಂದರೂ ಅಪ್ಪ ಕೋನಪ್ಪ ಜೊತೆಗೆ ಹೊರಟರು. ಡಾಕ್ಟರು ಲೈಟ್ ಹಿಡಿದು ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ಹಿಂದಿನ ಕೂದಲು ಬೇರುಸಮೇತ ತೆಗೆದು ಮುಂದೆ ನೆಡ್ತೀವಿ. ಆದ್ರೆ ನಿಮಗೆ ಹಿಂದೇನೂ ತೆಳುವಾಗಿದೆ. ಇರೋದನ್ನೆಲ್ಲ ತೆಗೆದು ನೆಟ್ರೂ ಅರ್ಧ ತಲೆಗೆ ಸಾಲಲ್ಲ. ನನ್ನ ಕೇಳಿದ್ರೆ ಮಾಡಿಸ್ಕೋಬೇಡಿ."

ಕೋನಪ್ಪನವರ ನೆತ್ತಿಯೂ ಬೋಳೇ. ಹಿಂಭಾಗ ಮಾತ್ರ ಇನ್ನೂ ದಟ್ಟವಾಗಿತ್ತು. ಅವರು ಕುರ್ಚಿಯಿಂದ ಎದ್ದು ಡಾಕ್ಟರ ಮುಂದೆ ತಲೆ ಬಗ್ಗಿಸಿದರು.

"ನಂದು ತಗೊಳ್ಳಿ ಸಾರ್. ಈ ವಯಸ್ಸಲ್ಲಿ ನಂಗ್ಯಾಕೆ?"

"ಇನ್ನೊಬ್ಬರ ಕೂದಲನ್ನ ಮೈ ಒಪ್ಪಲ್ಲ ಯಜಮಾನ್ರೇ. ಅಪ್ಪಂದಾದ್ರೂ ಅಷ್ಟೇ."

ಬಾಗಿಲಲ್ಲಿ ನಿಂತಿದ್ದ ನರ್ಸ್ ನಕ್ಕಳು. ಮೋಹನ್‌ಬಾಬು ಅಪ್ಪನ ತೋಳು ಜಗ್ಗಿ ಕೂರಿಸಿ, "ಸುಮ್ನಿರಪ್ಪಾ, ಮಾನ ಕಳೀಬೇಡ" ಎಂದು ಪಿಸುಗುಟ್ಟಿದ.

ಕೊನೆಗೆ ಹೇರ್ ಪ್ಯಾಚ್ ಹಾಕಿಸಿಕೊಂಡ. ಬಲೆಯಂಥ ತೆಳು ಬಟ್ಟೆಗೆ ನಿಜವಾದ ಕೂದಲು ಹೆಣೆದು, ಅಂಟುಪಟ್ಟಿಯಿಂದ ನೆತ್ತಿಗೆ ಕೂರಿಸಿದ್ದರು. ಬೆವರಿದರೆ ತುರಿಸುತ್ತಿತ್ತು, ಆಗಾಗ ಬಿಚ್ಚಿ ತೊಳೆದು ಮತ್ತೆ ಅಂಟಿಸಬೇಕಿತ್ತು. ಆದರೂ ಮೊದಲ ದಿನ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಾಗ ಅವನಿಗೆ ಕಣ್ಣು ತುಂಬಿ ಬಂದಿತ್ತು.

ಅಷ್ಟರಲ್ಲೇ ಚಿಂತಾಮಣಿಯಿಂದ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ಶಿರೀಷಾ, ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಟೀಚರ್. ನೋಡಲು ಹೊರಡುವ ದಿನ ಬೆಳಿಗ್ಗೆ ಕೋನಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಜಗಲಿಯಲ್ಲಿ ಕಾಯುತ್ತಿದ್ದರು. ಮೋಹನ್‌ಬಾಬು ಹೊರಗೆ ಬಂದು ಅವರ ಮುಖ ನೋಡದೆ ಹೇಳಿದ.

"ಅಪ್ಪಾ, ನೀನು ಬರಬೇಡ. ನಿನ್ನ ತಲೆ ನೋಡಿದ್ರೆ ಅವ್ರಿಗೆ ಅನುಮಾನ ಬರುತ್ತೆ."

ಕೋನಪ್ಪ ಚಪ್ಪಲಿ ಮೆಟ್ಟಿದ್ದ ಕಾಲನ್ನು ನಿಧಾನವಾಗಿ ಹಿಂದಕ್ಕೆಳೆದುಕೊಂಡರು. "ಅದೂ ಸರಿನೇ ಬಿಡಪ್ಪಾ. ಮಂಡಿನೋವು ಅಂತ ಹೇಳು."

ಅಮ್ಮ ವರಲಕ್ಷ್ಮಮ್ಮ ಹಾಗೂ ಸೋದರಮಾವನ ಜೊತೆ ಹೋಗಿ ಅವನು ಹಾಗೆಯೇ ಹೇಳಿದ. ಶಿರೀಷಾಳಿಗೆ ಅವನು ಹಿಡಿಸಿದ. ಅವನಿಗೂ ಅವಳ ನೇರ ಮಾತು ಇಷ್ಟವಾಯಿತು. ಅವಳ ತಂದೆ ಆವಲಪ್ಪನವರಂತೂ ಕೋನಪ್ಪನವರ ಮಂಡಿಯ ಬಗ್ಗೆಯೇ ಮತ್ತೆ ಮತ್ತೆ ವಿಚಾರಿಸಿದರು.

ಮುಂದಿನ ವಾರ ಆವಲಪ್ಪ ದಾರಿಯಿಂದಲೇ ಫೋನ್ ಮಾಡಿ, ಬೀಗರಾಗುವವರನ್ನು ನೋಡಿಕೊಂಡು ಹೋಗಲು ಗೌರಿಬಿದನೂರಿನ ನಿಮ್ಮ ಮನೆಗೆ ಬರುತ್ತಿದ್ದೇನೆ ಎಂದರು. ಬಂದವರ ಕೈಯಲ್ಲಿ ನೋವಿನ ಎಣ್ಣೆಯ ಬಾಟಲಿ ಇತ್ತು. ಸುಡು ಬಿಸಿಲಿನ ದಿನ. ಕೋನಪ್ಪ ತಲೆಗೆ ಉಲ್ಲನ್ ಟೋಪಿ ಎಳೆದುಕೊಂಡು, ಗೋಡೆ ಹಿಡಿದು ಕುಂಟುತ್ತಾ ಒಳಗಿನಿಂದ ಬಂದರು.

"ಇದೇನ್ರೀ, ಈ ಬಿಸಿಲಲ್ಲಿ ಟೋಪಿ?"

"ಶೀತ ಆಗೈತೆ ಸ್ವಾಮಿ."

"ಪಾಪ, ಅದೂ ಒಂದಾ! ಕಾಲು ಚಾಚಿ ಇತ್ಲಾಗೆ."

ಬೇಡ ಬೇಡವೆಂದರೂ ಆವಲಪ್ಪ ಬಗ್ಗಿ ಅವರ ಮಂಡಿಗೆ ಎಣ್ಣೆ ತಿಕ್ಕತೊಡಗಿದರು. ಕೋನಪ್ಪ ಆಗಾಗ "ಅಮ್ಮಾ" ಎಂದು ನರಳಿದರು. ಟೋಪಿಯ ಅಂಚಿನಿಂದ ಬೆವರು ಇಳಿದು ಅಂಗಿಯ ಕತ್ತಿನ ಪಟ್ಟಿ ನೆನೆಯಿತು. ಹೇಳಿಬಿಡಬೇಕೆಂದು ಮೋಹನ್‌ಬಾಬು ಬಾಯಿ ತೆರೆದ. ಆದರೆ ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಒಲೆಯ ಕಟ್ಟೆ ಹಿಡಿದು ನಿಂತುಬಿಟ್ಟ.

ಆವಲಪ್ಪ ಹೊರಟು ಹೋದ ಮೇಲೆ ಕೋನಪ್ಪ ಟೋಪಿ ತೆಗೆದು ಮುಖ ಒರೆಸಿಕೊಂಡರು. ಅವರ ನೆತ್ತಿ ಕೆಂಪಗಾಗಿತ್ತು.

"ಸರಿಯಾಗಿ ಆಯ್ತೇನಪ್ಪಾ?" ಎಂದು ಕೇಳಿದರು.

ಮಗ ಆ ಒದ್ದೆ ಟೋಪಿಯನ್ನು ತೆಗೆದುಕೊಂಡು ಹೋಗಿ ಬಿಸಿಲಿಗೆ ಹಾಕಿದ. ಅಂದಿನಿಂದ ಅವನಿಗೆ ಕಣ್ಣು ಮುಚ್ಚಿದರೆ ಅಪ್ಪ ಹಿಂದಕ್ಕೆಳೆದುಕೊಂಡ ಚಪ್ಪಲಿಗಾಲು ಕಾಣುತ್ತಿತ್ತು.

ಕಾರ್ಖಾನೆಯ ವಾರದ ರಜೆಯ ದಿನ ಪ್ಯಾಚ್ ಬಿಚ್ಚಿಟ್ಟು ಬಸ್ ಹತ್ತಿದ. ಶಾಲೆ ಬಿಡುವ ಹೊತ್ತಿಗೆ ಶಿಡ್ಲಘಟ್ಟ ಬಸ್‌ಸ್ಟ್ಯಾಂಡ್ ಹತ್ತಿರದ ಬೇಕರಿಗೆ ಬರಲು ಶಿರೀಷಾಳಿಗೆ ಹೇಳಿದ್ದ. ಅವಳು ಒಳಗೆ ಬಂದು, ಅವನನ್ನು ದಾಟಿಕೊಂಡು ಹೋಗಿ, ಸುತ್ತ ಹುಡುಕಿದಳು. ಅವನೇ ಎದ್ದು ಕರೆಯಬೇಕಾಯಿತು.

ಅವನು ತಲೆಯ ವಿಷಯ, ಅಪ್ಪನಿಗೆ ಆಡಿದ ಮಾತು, ಮಂಡಿನೋವಿನ ಸುಳ್ಳು, ಎಲ್ಲವನ್ನೂ ಹೇಳಿದ. ಕಾಫಿ ಆರುತ್ತಾ ಇತ್ತು. ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಮೊದ್ಲೇ ಹೇಳಿದ್ರೆ ಕೂದ್ಲಿಗೆ ನಾನು ಬೇಡ ಅಂತಿರ್ಲಿಲ್ಲ. ನಮ್ಮ ಚಿಕ್ಕಪ್ಪಂದೂ ಹಿಂಗೇ ಇದೆ" ಎಂದಳು. "ನಮ್ಮಪ್ಪ ಮನೆಗೆ ಬಂದು, ಪಾಪ ಒಳ್ಳೆ ಮನುಷ್ಯ, ಎಷ್ಟು ನೋವು ಅನುಭವಿಸ್ತಾರೆ ಅಂತ ಮರುಗ್ತಿದ್ರು. ಹೆತ್ತವ್ರನ್ನೇ ಬಚ್ಚಿಟ್ರಲ್ಲ. ನಾಳೆ ನಾನೂ ಯಾವುದಕ್ಕೋ ನಿಮಗೆ ನಾಚಿಕೆ ಅನ್ನಿಸಿದ್ರೆ?"

ಸಂಬಂಧ ಮುಂದುವರಿಸುವುದಿಲ್ಲವೆಂದು ವಾರದೊಳಗೆ ಫೋನ್ ಬಂತು. ಎತ್ತಿದವರು ಕೋನಪ್ಪನವರೇ. ಮಗ ಕೆಲಸ ಮುಗಿಸಿ ಬಂದಾಗ ಅವರು ಜಗಲಿಯ ಅಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು.

"ಚಿಂತಾಮಣಿಯವ್ರು ಬೇಡ ಅಂದ್ರು. ತಪ್ಪು ನಂದೇ ಕಣೋ. ಅವತ್ತು ಹೊರಗೆ ಬರ್ತಾ ಎಡಗಾಲು ಕುಂಟಿದ್ದೆ, ಅವ್ರನ್ನ ಕಳಿಸೋಕೆ ಹೋದಾಗ ಬಲಗಾಲು ಕುಂಟಿಬಿಟ್ಟೆ ಅನ್ಸುತ್ತೆ. ಅವ್ರಿಗೆ ಗೊತ್ತಾಗೋಗಿದೆ."

"ಅಯ್ಯೋ, ಅಲ್ಲಪ್ಪಾ!" ಮೋಹನ್‌ಬಾಬು ಅವರ ಪಕ್ಕದಲ್ಲಿ ಕುಸಿದು ಕುಳಿತ. "ನಾನೇ ಹೋಗಿ ಎಲ್ಲ ಹೇಳ್ದೆ. ನಿನ್ನ ಮನೇಲಿ ಬಿಟ್ಟು ಹೋದೆ ಅಂತ ಬೇಡ ಅಂದ್ಳು. ಅವಳು ಹೇಳಿದ್ದು ಸರಿ. ನಾನು ನಿಂಗೆ ಆ ಮಾತು ಅನ್ನಬಾರ್ದಿತ್ತು."

ಕೋನಪ್ಪ ಅಂಗೈಗಳನ್ನು ಉಜ್ಜಿಕೊಳ್ಳುತ್ತಾ ಬೀದಿಯ ಕಡೆ ನೋಡಿದರು.

"ನಂಗೆ ಬೇಜಾರಾಗಿರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ನಿಂಗೆ ಈ ತಲೆ ಕೊಟ್ಟೋನು ನಾನೇ ಅಲ್ವೇನಪ್ಪಾ? ನೀನು ಕ್ಯಾಪ್ ಹಾಕ್ಕೊಂಡು ಹೊರಗೆ ಹೋಗೋದು ನೋಡ್ದಾಗೆಲ್ಲ ನಾನೇ ಏನೋ ಅಪರಾಧ ಮಾಡ್ದಂಗೆ ಅನ್ಸೋದು. ಅದಕ್ಕೇ, ಬರಬೇಡ ಅಂದ ತಕ್ಷಣ ಹೂಂ ಅಂದೆ."

ಇಷ್ಟು ವರ್ಷ ಅಪ್ಪ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ಮೋಹನ್‌ಬಾಬು ಎಣಿಸಿಯೂ ಇರಲಿಲ್ಲ. ಅವರು ಬೈದಿದ್ದರೆ ಹಗುರವಾಗುತ್ತಿತ್ತೇನೋ. ಒಳಗಿನಿಂದ ವರಲಕ್ಷ್ಮಮ್ಮ ಊಟಕ್ಕೆ ಕರೆದರು. ಇಬ್ಬರೂ ಏಳಲಿಲ್ಲ.